ಲಿಂಕನ್ನರ ಸಹಿಯಿಂದ ಬಿಡುಗಡೆಯಾದವರು ಯಾರು?

ಪ್ರಶ್ನೆ: ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿ ಅಮೆರಿಕದ ಅಧ್ಯಕ್ಷ ಪದವಿಗೇರಿದ ಅಬ್ರಹಾಂ ಲಿಂಕನ್ 1863ರಲ್ಲಿ ಒಂದೇ ಸಹಿಯಿಂದ ಅಲ್ಲಿನ ಗುಲಾಮರನ್ನೆಲ್ಲ ಬಿಡುಗಡೆ ಮಾಡಿದರೆಂದು ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದೇನೆ. ಆ ಘೋಷಣೆಯಿಂದ ಒಬ್ಬ ಗುಲಾಮನಿಗೂ ಬಿಡುಗಡೆ ಸಿಗಲಿಲ್ಲವೆಂದು ಈಚೆಗೆ ಓದಿದೆ. ಯಾವುದು ನಿಜ?
– ಪ್ರೌಢಶಾಲಾ ಶಿಕ್ಷಕರು, ಹಾಸನ

ಉತ್ತರ: ಎರಡೂ ಪೂರ್ತಿ ನಿಜವಲ್ಲ. ಎರಡನೆಯ ಮಾತು ಹುಟ್ಟಿಕೊಂಡದ್ದೇಕೆಂದು ತಿಳಿಯಬೇಕಾದರೆ ಲಿಂಕನ್ ವೃತ್ತಿಯಿಂದ ವಕೀಲರಾಗಿದ್ದರೆಂಬುದನ್ನು ಮರೆಯಬಾರದು.

ಗುಲಾಮಗಿರಿ ಕಾನೂನುಬದ್ಧವಾಗಿದ್ದ ಕೆಂಟಕಿಯಲ್ಲಿ ಅವರು 1809ರ ಫೆಬ್ರವರಿ 12ರಂದು ಹುಟ್ಟಿದರು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಶಾಲೆಯಲ್ಲಿ ಕುಳಿತ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ. ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಪಾಲುದಾರಿಕೆಯ ಅಂಗಡಿ ಮುಳುಗಿ ಸಾಲ ತಲೆಯ ಮೇಲೆ ಬಿದ್ದಾಗ, ಅಂಚೆ ಕಚೇರಿ ನೋಡಿಕೊಳ್ಳುತ್ತ, ಜಮೀನು ಅಳೆಯುತ್ತ, ಎರವಲು ತಂದ ಪುಸ್ತಕಗಳಿಂದ ಕಾನೂನು ಓದಿ 1836ರಲ್ಲಿ ವಕೀಲಿಯ ಪರವಾನಗಿ ಪಡೆದರು.

ಆ ಕಾಲದ ಬಹುತೇಕ ಕಾನೂನು ಪಂಡಿತರಂತೆ ಅವರೂ, ಒಂದು ರಾಜ್ಯದೊಳಗೆ ಈಗಾಗಲೇ ಇರುವ ಗುಲಾಮಗಿರಿಯನ್ನು ರದ್ದು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿಲ್ಲವೆಂದೇ ತಿಳಿದಿದ್ದರು. 1860ರ ಚುನಾವಣೆಯಲ್ಲಿ ಅವರ ಪಕ್ಷ ಹೇಳಿದ್ದು ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಎಂದಷ್ಟೇ. ದಕ್ಷಿಣದ ಭೂಮಾಲೀಕರಿಗೆ ಅಷ್ಟೂ ಸಹನೆಯಾಗಲಿಲ್ಲ. ಲಿಂಕನ್ ಅಧಿಕಾರ ವಹಿಸಿಕೊಳ್ಳುವ ಮೊದಲೇ ಏಳು ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋದವು. 1861ರ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾದ ಮೇಲೆ ಇನ್ನೂ ನಾಲ್ಕು ಅವುಗಳನ್ನು ಸೇರಿಕೊಂಡವು. ಆದರೆ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ಎಂಬ ನಾಲ್ಕು ರಾಜ್ಯಗಳು ಗುಲಾಮಗಿರಿಯನ್ನು ಇಟ್ಟುಕೊಂಡೇ ಒಕ್ಕೂಟದಲ್ಲಿ ಉಳಿದವು. ಲಿಂಕನ್ನರನ್ನು ಕಟ್ಟಿಹಾಕಿದ ಗಂಟು ಇಲ್ಲಿದೆ. ಮಿಸೌರಿಯಲ್ಲಿ ಸೇನಾಧಿಕಾರಿ ಫ್ರೀಮಾಂಟ್ ಬಂಡುಕೋರರ ಗುಲಾಮರಿಗೆ ತಾವಾಗಿಯೇ ಬಿಡುಗಡೆ ಸಾರಿದಾಗ, ಈ ನಾಲ್ಕೂ ಕೈತಪ್ಪಿಯಾವೆಂಬ ಭಯದಿಂದ ಲಿಂಕನ್ ಆ ಆದೇಶವನ್ನು ಹಿಂತೆಗೆಸಿದರು.

ಅಧ್ಯಕ್ಷರು ಹೀಗೆ ಅಳೆದು ಸುರಿಯುತ್ತಿದ್ದಾಗ ಗುಲಾಮರು ಕೈಕಟ್ಟಿ ಕುಳಿತಿರಲಿಲ್ಲ. ನಮ್ಮ ಪಾಠಗಳಲ್ಲಿ ಬಿಟ್ಟುಹೋಗುವುದು ಈ ಭಾಗವೇ. 1861ರ ಮೇ ತಿಂಗಳಲ್ಲಿ ಮೂವರು ಗುಲಾಮರು ತಪ್ಪಿಸಿಕೊಂಡು ವರ್ಜೀನಿಯಾದಲ್ಲಿ ಉತ್ತರದ ಸೇನೆಯ ಕೈಯಲ್ಲಿದ್ದ ಮನ್ರೋ ಕೋಟೆಗೆ ಬಂದು ಆಶ್ರಯ ಕೇಳಿದರು. ಒಡೆಯ ತನ್ನ ಸ್ವತ್ತನ್ನು ಮರಳಿಸಿರೆಂದು ಹೇಳಿಕಳುಹಿಸಿದಾಗ, ಅಲ್ಲಿನ ಸೇನಾಧಿಕಾರಿ ಬಟ್ಲರ್ – ಆತನೂ ವಕೀಲನೇ – ಸ್ವತ್ತು ಎಂದಾದರೆ ಶತ್ರುವಿನ ಯುದ್ಧಸಾಮಗ್ರಿಯಂತೆ ಅದನ್ನು ವಶಪಡಿಸಿಕೊಳ್ಳಬಹುದೆಂದು ವಾದಿಸಿ ಮೂವರನ್ನೂ ಉಳಿಸಿಕೊಂಡನು. ಸುದ್ದಿ ಹಬ್ಬಿ, ದಿನದಿನಕ್ಕೂ ಹೆಚ್ಚು ಜನ ಸೇನೆಯ ಶಿಬಿರಗಳಿಗೆ ಬರತೊಡಗಿದರು.

ಲಿಂಕನ್ನರ ಘೋಷಣೆ ನಿಂತಿರುವುದೂ ಇದೇ ಬಗೆಯ ತರ್ಕದ ಮೇಲೆ. ಅಧ್ಯಕ್ಷನಾಗಿ ತಾವು ಮಾಡಲಾಗದ್ದನ್ನು ಸೇನೆಯ ದಂಡನಾಯಕನಾಗಿ, ಯುದ್ಧದ ಅಗತ್ಯವೆಂದು ಮಾಡಬಹುದೆಂಬ ದಾರಿಯನ್ನು ಅವರು ಹಿಡಿದರು. 1862ರ ಜುಲೈನಲ್ಲಿ ಕರಡನ್ನು ಮಂತ್ರಿಗಳ ಮುಂದಿಟ್ಟಾಗ, ಸೋಲಿನ ನಡುವೆ ಹೊರಡಿಸಿದರೆ ಅದು ಕೊನೆಯುಸಿರಿನ ಕೂಗಿನಂತೆ ಕೇಳಿಸೀತೆಂದು ವಿದೇಶಾಂಗ ಮಂತ್ರಿ ಸೀವರ್ಡ್ ಎಚ್ಚರಿಸಿದರು. ಸೆಪ್ಟೆಂಬರ್ 17ರಂದು ಆಂಟಿಟಮ್ ಕಾಳಗದಲ್ಲಿ ದಕ್ಷಿಣದ ಪಡೆ ಹಿಮ್ಮೆಟ್ಟಿದ ಐದೇ ದಿನಕ್ಕೆ ಮೊದಲ ಘೋಷಣೆ ಹೊರಬಿತ್ತು. ಅಂತಿಮ ಘೋಷಣೆಗೆ ಸಹಿಯಾದದ್ದು 1863ರ ಜನವರಿ 1ರಂದು. ಅದು ಯುದ್ಧಾಧಿಕಾರದ ಆದೇಶವಾದ್ದರಿಂದ ಶತ್ರುವಿನ ನೆಲಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಒಕ್ಕೂಟದಲ್ಲೇ ಉಳಿದಿದ್ದ ನಾಲ್ಕು ರಾಜ್ಯಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಗುಲಾಮರಿಗೂ, ದಕ್ಷಿಣದ ರಾಜ್ಯವಾದರೂ ಘೋಷಣೆಯಿಂದ ಹೊರಗಿಟ್ಟಿದ್ದ ಟೆನೆಸಿಯ ಗುಲಾಮರಿಗೂ ಅದು ತಟ್ಟಲಿಲ್ಲ. ‘ಒಬ್ಬರಿಗೂ ಬಿಡುಗಡೆ ಸಿಗಲಿಲ್ಲ’ ಎಂಬ ಮಾತಿನ ಬೇರು ಇದು. ಆದರೆ ಸೌತ್ ಕೆರೊಲಿನಾದ ಕರಾವಳಿ ದ್ವೀಪಗಳು ಆಗಲೇ ಉತ್ತರದ ಸೇನೆಯ ವಶದಲ್ಲಿದ್ದುದರಿಂದ ಅಲ್ಲಿನ ಸಾವಿರಾರು ಜನ ಆ ದಿನವೇ ಸ್ವತಂತ್ರರಾದರು. ಉಳಿದೆಡೆ ಸೇನೆ ಮುಂದುವರಿದಂತೆಲ್ಲ ಘೋಷಣೆ ಜಾರಿಗೆ ಬಂತು. ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳಲಾಗುವುದೆಂಬ ಮಾತೂ ಅದರಲ್ಲಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಮಂದಿ ಭೂಸೇನೆಯಲ್ಲಿ ಸೇವೆ ಸಲ್ಲಿಸಿದ್ದರು.

ಯುದ್ಧ ಮುಗಿದ ಮೇಲೆ ಯುದ್ಧಾಧಿಕಾರದ ಆದೇಶಕ್ಕೆ ಬೆಲೆ ಉಳಿದೀತೇ ಎಂಬ ಸಂಶಯ ಲಿಂಕನ್ನರಿಗೇ ಇದ್ದುದರಿಂದ, ಗುಲಾಮಗಿರಿಯನ್ನು ದೇಶದಾದ್ಯಂತ ರದ್ದು ಮಾಡುವ ಸಂವಿಧಾನದ 13ನೆಯ ತಿದ್ದುಪಡಿಗಾಗಿ ಅವರು ಸದಸ್ಯರನ್ನು ಒಬ್ಬೊಬ್ಬರಾಗಿ ಒಲಿಸಿಕೊಳ್ಳಲು ಮುಂದಾದರು. 1865ರ ಜನವರಿ 31ರಂದು ಕೆಳಮನೆ ಅದನ್ನು 119–56 ಮತಗಳಿಂದ ಅಂಗೀಕರಿಸಿತು. ಏಪ್ರಿಲ್ 14ರಂದು ಲಿಂಕನ್ನರಿಗೆ ಗುಂಡೇಟು ಬಿತ್ತು. ಸಾಕಷ್ಟು ರಾಜ್ಯಗಳ ಒಪ್ಪಿಗೆ ದೊರೆತು ತಿದ್ದುಪಡಿ ಜಾರಿಗೆ ಬಂದದ್ದು ಡಿಸೆಂಬರ್‌ನಲ್ಲಿ. ಮೇರಿಲ್ಯಾಂಡ್, ಮಿಸೌರಿಗಳು ಅಷ್ಟರಲ್ಲಿ ತಾವೇ ಗುಲಾಮಗಿರಿಯನ್ನು ರದ್ದು ಮಾಡಿದ್ದವು. ಡೆಲವೇರ್ ಮತ್ತು ಲಿಂಕನ್ನರ ಹುಟ್ಟುನೆಲ ಕೆಂಟಕಿ ಅಲ್ಲಿಯವರೆಗೂ ಬಿಡಲಿಲ್ಲ.

ಅವರನ್ನು ಕಳಂಕವಿಲ್ಲದ ಮೂರ್ತಿಯಾಗಿ ಮಕ್ಕಳ ಮುಂದೆ ನಿಲ್ಲಿಸಬೇಕಾಗಿಲ್ಲ. ಬಿಳಿಯರಿಗೂ ಕರಿಯರಿಗೂ ಸಾಮಾಜಿಕ, ರಾಜಕೀಯ ಸಮಾನತೆ ತರುವುದು ತಮ್ಮ ಉದ್ದೇಶವಲ್ಲವೆಂದು 1858ರಲ್ಲಿ ಅವರೇ ವೇದಿಕೆಯ ಮೇಲೆ ಹೇಳಿದ್ದರು. ಏಳು ವರ್ಷಗಳ ನಂತರ, ತಮ್ಮ ಕೊನೆಯ ಭಾಷಣದಲ್ಲಿ, ಕಪ್ಪು ಸೈನಿಕರಿಗೂ ಕಪ್ಪು ಜನರಲ್ಲಿ ಬುದ್ಧಿವಂತರಿಗೂ ಮತದಾನದ ಹಕ್ಕು ಸಿಗಲೆಂದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋರಾಟಗಾರರಾದ ಫ್ರೆಡರಿಕ್ ಡಗ್ಲಾಸ್ 1876ರಲ್ಲಿ ಮಾಡಿದ ತೂಕ ನನಗೆ ಒಪ್ಪಿಗೆ: ಗುಲಾಮಗಿರಿ ವಿರೋಧಿಗಳ ಕಣ್ಣಿಗೆ ಲಿಂಕನ್ ನಿಧಾನಿ, ನಿರುತ್ಸಾಹಿ, ತಮ್ಮ ದೇಶದ ಜನಾಭಿಪ್ರಾಯದ ಪಕ್ಕದಲ್ಲಿಟ್ಟು ನೋಡಿದರೆ ವೇಗಿ, ದೃಢಚಿತ್ತ.

ಪ್ರಶ್ನೆ: ಲಿಂಕನ್ನರನ್ನು ಸೆನೆಟ್‌ನಲ್ಲಿ ಚಮ್ಮಾರನ ಮಗನೆಂದು ಹಂಗಿಸಿದ ಕಥೆ, ಮಗನ ಶಿಕ್ಷಕರಿಗೆ ಅವರು ಬರೆದ ಪತ್ರ, ಇವು ನಿಜವೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅವರ ತಂದೆ ಥಾಮಸ್ ಬೇಸಾಯ ಮತ್ತು ಬಡಗಿ ಕೆಲಸ ಮಾಡಿದವರು. ಅಧ್ಯಕ್ಷರು ಸೆನೆಟ್‌ನಲ್ಲಿ ಸದಸ್ಯರ ಮಾತಿಗೆ ಎದ್ದು ಉತ್ತರ ಕೊಡುವ ಪದ್ಧತಿಯೂ ಅಲ್ಲಿಲ್ಲ. ನಮ್ಮ ಶಾಲೆಗಳ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡಿರುವ ಆ ಪತ್ರ ಲಿಂಕನ್ನರ ಬರಹಗಳ ಸಂಪುಟಗಳಲ್ಲಿಲ್ಲ. ಎಲ್ಲ ಚುನಾವಣೆಗಳಲ್ಲೂ ಸೋತು ಕೊನೆಗೆ ಅಧ್ಯಕ್ಷರಾದರೆಂಬ ಪಟ್ಟಿಯೂ ಅರ್ಧ ಸತ್ಯ. 1832ರ ಸೋಲನ್ನು ಹೇಳುವವರು 1834ರಿಂದ ಸತತ ನಾಲ್ಕು ಬಾರಿ ರಾಜ್ಯ ಶಾಸನಸಭೆಗೆ ಗೆದ್ದದ್ದನ್ನು ಬಿಟ್ಟುಬಿಡುತ್ತಾರೆ.

ಪತ್ರವೇ ಬೇಕಾದರೆ, 1864ರ ಏಪ್ರಿಲ್ 4ರಂದು ಕೆಂಟಕಿಯ ಪತ್ರಿಕಾ ಸಂಪಾದಕ ಹಾಜಸ್ ಅವರಿಗೆ ಬರೆದದ್ದನ್ನು ಓದಿರಿ. ಗುಲಾಮಗಿರಿ ತಪ್ಪಲ್ಲವೆಂದಾದರೆ ಯಾವುದೂ ತಪ್ಪಲ್ಲ ಎನ್ನುವ ಲಿಂಕನ್, ಆ ಭಾವನೆಯಂತೆ ಮನಬಂದ ಹಾಗೆ ನಡೆಯುವ ಹಕ್ಕನ್ನು ಅಧ್ಯಕ್ಷ ಪದವಿ ತಮಗೆ ಕೊಟ್ಟಿತೆಂದು ತಾವು ಎಂದೂ ತಿಳಿಯಲಿಲ್ಲವೆಂದೂ ಅದರಲ್ಲೇ ಹೇಳುತ್ತಾರೆ.