ಬ್ಲೂಮಿಂಗ್ಟನ್‌–ನಾರ್ಮಲ್‌ನಲ್ಲಿ ನಮ್ಮವರು ಎಷ್ಟಿದ್ದಾರೆ?

ತಮ್ಮಾ, ಕೆಲಸ ಸಿಕ್ಕಿತೆಂದು ಓದಿ ಸಂತೋಷವಾಯಿತು. ಹೆಂಡತಿ, ಮಗುವನ್ನೂ ಕರೆತರಲೇ, ಅಮೆರಿಕದ ಇಲಿನಾಯ್‌ನ ಆ ಸಣ್ಣ ಊರಿನಲ್ಲಿ ಕನ್ನಡದವರಿದ್ದಾರೆಯೇ, ಜೋಳದ ರೊಟ್ಟಿಗೆ ಏನು ಗತಿ ಎಂದು ಕೇಳಿದ್ದೀಯ. ಧಾರಾಳವಾಗಿ ಕರೆತಾ.

ಊರು ನಿಜಕ್ಕೂ ಸಣ್ಣದು. 2020ರ ಜನಗಣತಿಯಲ್ಲಿ ಬ್ಲೂಮಿಂಗ್ಟನ್‌ಗೆ 78,680, ಅದಕ್ಕೆ ಅಂಟಿಕೊಂಡ ನಾರ್ಮಲ್‌ಗೆ 52,736 ಜನ. ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೆ ಸುಮಾರು 1.7 ಲಕ್ಷ. ನಮ್ಮ ಬೆಳಗಾವಿ ನಗರದಲ್ಲಿ 2011ರಲ್ಲೇ 4.88 ಲಕ್ಷ ಇದ್ದರು. ಊರ ಗಡಿ ದಾಟಿದರೆ ಮೆಕ್ಕೆಜೋಳ, ಸೋಯಾಬೀನ್, ಮತ್ತೆ ಮೆಕ್ಕೆಜೋಳ.

ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬುದೆಲ್ಲ ಇಲ್ಲಿ ಕೆಲಸ ಕೊಡುವವರ ಕೈಯಲ್ಲಿದೆ. 1922ರಲ್ಲಿ ರೈತನೊಬ್ಬ ಕಟ್ಟಿದ ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ಕೇಂದ್ರ ಕಚೇರಿ ಬ್ಲೂಮಿಂಗ್ಟನ್‌ನಲ್ಲಿದೆ. ನಾನು ಕಂಡ ಭಾರತೀಯರಲ್ಲಿ ಹೆಚ್ಚಿನವರು ಅದರ ಕಂಪ್ಯೂಟರ್ ಕೆಲಸಕ್ಕೆ ಬಂದವರು. ನಾರ್ಮಲ್‌ನಲ್ಲಿ 1857ರಷ್ಟು ಹಳೆಯ ವಿಶ್ವವಿದ್ಯಾಲಯವಿದೆ, 20 ಸಾವಿರದಷ್ಟು ವಿದ್ಯಾರ್ಥಿಗಳು. ಮಿತ್ಸುಬಿಷಿ ಕಾರ್ಖಾನೆ ಇದ್ದಾಗ ಜಪಾನಿ ಕುಟುಂಬಗಳಿದ್ದವು. ಅದು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ರಿವಿಯನ್ ವಿದ್ಯುತ್ ವಾಹನ ತಯಾರಿಸುತ್ತಿದೆ. ಹೊಸಬರು ಬಂದರು, ಮನೆ ಸಿಗುವುದು ಕಷ್ಟವಾಯಿತು. ಬಿಳಿಯರೇ ಬಹುಸಂಖ್ಯಾತರು. ಕಪ್ಪು ಜನರು, ಮೆಕ್ಸಿಕೋ ಮೂಲದವರು, ಕಾಂಗೋದಿಂದ ಬಂದು ಫ್ರೆಂಚ್ ಮಾತನಾಡುವವರೂ ಇದ್ದಾರೆ.

ನಮ್ಮ ದೇಶದವರಲ್ಲಿ ತೆಲುಗರು, ತಮಿಳರದೇ ಮೇಲುಗೈ. ಕನ್ನಡದ ಮನೆಗಳು ಕೆಲವೇ, ಅವುಗಳಲ್ಲೂ ಬೆಂಗಳೂರು, ಮೈಸೂರು ಕಡೆಯವು ಹೆಚ್ಚು. ನಮ್ಮ ಮಾತು ಕೇಳಿ ಮೊದಲು ನಗುತ್ತಾರೆ, ಬೇಸರಪಟ್ಟುಕೊಳ್ಳಬೇಡ. ನನಗೆ ಅತ್ಯಂತ ಹತ್ತಿರವಾದದ್ದು ನಿಪ್ಪಾಣಿಯ ಒಂದು ಮರಾಠಿ ಕುಟುಂಬ. ಆ ಮನೆಯಾಕೆ ಹಸಿಮೆಣಸಿನಕಾಯಿಯ ಠೇಚಾ ಚಟ್ನಿ ಕುಟ್ಟಿ ತರುತ್ತಾಳೆ, ನಾನು ಕೆಂಪು ಮೆಣಸಿನಕಾಯಿಯ ರಂಜಕ ಕೊಡುತ್ತೇನೆ. ಇಬ್ಬರೂ ಬೆಳಗಾವಿಯ ಖಡೇ ಬಜಾರಿನ ಅಂಗಡಿಗಳನ್ನು ಒಂದೊಂದಾಗಿ ನೆನೆಯುತ್ತೇವೆ. ಗಡಿ ವಿವಾದದ ಭಾಷಣಕಾರರನ್ನು ಒಂದು ಚಳಿಗಾಲ ಇಲ್ಲಿರಿಸಬೇಕು ಎನಿಸುತ್ತದೆ. ದೊಡ್ಡ ಹಬ್ಬ ಬೇಕೆಂದರೆ ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟವಿದೆ; ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ.

ಒಂದು ಮಾತು ನಿನ್ನ ಹೆಂಡತಿಗೂ ಹೇಳು. ಗುತ್ತಿಗೆ ಮುಗಿದರೆ ಇಲ್ಲಿಯವರು ಡಲ್ಲಾಸ್‌ಗೋ ಅಟ್ಲಾಂಟಾಗೋ ಹೊರಟುಬಿಡುತ್ತಾರೆ. ಮಕ್ಕಳು ಜೊತೆಯಾಗಿ ಆಡತೊಡಗುವಷ್ಟರಲ್ಲಿ ಎದುರು ಮನೆಯ ಸಾಮಾನು ಲಾರಿ ಏರಿರುತ್ತದೆ. ಆದ್ದರಿಂದ ಭಾರತೀಯರೇ ತುಂಬಿದ ಅಪಾರ್ಟ್‌ಮೆಂಟಿನಲ್ಲೇ ಮನೆ ಬೇಕೆಂದು ಹಟ ಹಿಡಿಯಬೇಡ. ಶಾಲೆ, ಗ್ರಂಥಾಲಯಕ್ಕೆ ಹತ್ತಿರವಿದ್ದರೆ ಇಲ್ಲೇ ನೆಲೆಸಿದ ಅಮೆರಿಕನ್ನರ ಪರಿಚಯವೂ ಆಗುತ್ತದೆ. ಅವರು ಸುಲಭಕ್ಕೆ ಊರು ಬಿಡುವವರಲ್ಲ.

ಜೋಳದ ಹಿಟ್ಟು ಹೊತ್ತು ತರಬೇಡ, ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ಹಿಟ್ಟಾದ್ದರಿಂದ ಜಿಗುಟು ಕಡಿಮೆ. ಎಸರು ಚೆನ್ನಾಗಿ ಕುದಿಸಿ ನಾದಿದರೆ ತಟ್ಟುವಾಗ ಅಂಚು ಒಡೆಯುವುದಿಲ್ಲ. ಕಬ್ಬಿಣದ ಹಂಚು ಮಾತ್ರ ಊರಿನಿಂದಲೇ ತಾ.