ಬಾನೆಟ್ ಸಂದಿಯಿಂದ ಹೊಗೆ ಬಂದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರಿನ ಬೆಂಕಿ ಬಗ್ಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಸಿಂಧನೂರಿನಿಂದ ಮಸ್ಕಿಗೆ ಹೊಂಟಾಗ ನಮ್ಮ ಮುಂದಿನ ಕಾರಿನ ಬಾನೆಟ್ ಸಂದ್ಯಾಗಿಂದ ಹೊಗಿ ಬರಾಕತ್ತಿತ್ತು. ಡ್ರೈವರ್ ಇಳಿದವನೇ ಬಾನೆಟ್ ಎತ್ತಿದ, ಭಗ್ ಅಂತ ಉರಿ ಎದ್ದಿತು. ಹುಬ್ಬು ಸುಟ್ಟುಕೊಂಡು ಉಳಿದ. ಎತ್ತಿ ನೋಡದೆ ಬೆಂಕಿ ಆರಿಸೋದು ಹೆಂಗ್ರೀ?
— ಓದುಗರು, ಸಿಂಧನೂರು

ಉತ್ತರ: ಎತ್ತಿದ್ದೇ ತಪ್ಪಾಯಿತು. ಮುಚ್ಚಿದ ಬಾನೆಟ್ಟಿನ ಕೆಳಗೆ ಬೆಂಕಿಗೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಪೆಟ್ರೋಲ್ ಆವಿ, ಕಾದ ಎಣ್ಣೆ, ಕರಗಿದ ಪ್ಲಾಸ್ಟಿಕ್ಕಿನ ಹೊಗೆ ಎಲ್ಲ ಒಳಗೇ ತುಂಬಿಕೊಂಡಿರುತ್ತದೆ. ಬಾನೆಟ್ ಮೇಲೆದ್ದ ಕೂಡಲೇ ಗಾಳಿ ನುಗ್ಗಿ, ಉರಿ ಸೀದಾ ಎತ್ತಿದವರ ಮುಖಕ್ಕೆ ಬರುತ್ತದೆ.

ಸುಟ್ಟ ವಾಸನೆಯೋ ಹೊಗೆಯೋ ಬಂದಾಗ ‘ಮುಂದಿನ ಊರು ಬರಲಿ’ ಎಂದು ಓಡಿಸಬೇಡಿ. ಇಂಡಿಕೇಟರ್ ಹಾಕಿ ಎಡಕ್ಕೆ ತನ್ನಿ. ಆದರೆ ಬಣವಿ, ಒಣಹುಲ್ಲು, ಹತ್ತಿ ಲಾರಿ, ಪೆಟ್ರೋಲ್ ಬಂಕ್ ಪಕ್ಕದಲ್ಲಿ ಮಾತ್ರ ನಿಲ್ಲಿಸಬೇಡಿ. ಗಾಡಿ ನಿಂತ ಕೂಡಲೇ ಇಗ್ನಿಷನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಈಗಿನ ಕಾರುಗಳಲ್ಲಿ ಪೆಟ್ರೋಲ್ ಪಂಪು ಕರೆಂಟಿನದು. ಇಗ್ನಿಷನ್ ಆಫ್ ಆದರೆ ಅದೂ ನಿಲ್ಲುತ್ತದೆ, ಬೆಂಕಿಗೆ ಹೊಸ ಪೆಟ್ರೋಲ್ ಸಿಗುವುದು ತಪ್ಪುತ್ತದೆ. ನಿಲ್ಲಿಸುವ ಹೊತ್ತಿಗೇ ಬಾಗಿಲ ಲಾಕ್ ತೆಗೆದು ಕಿಟಕಿ ಗಾಜು ಇಳಿಸಿ. ವೈರ್ ಸುಟ್ಟರೆ ಪವರ್ ವಿಂಡೋ, ಸೆಂಟ್ರಲ್ ಲಾಕ್ ಎರಡೂ ಕೈ ಕೊಡುತ್ತವೆ. ಸಿಕ್ಕಿಕೊಂಡರೆ ಪಕ್ಕದ ಕಿಟಕಿ ಗಾಜಿನ ಮೂಲೆಗೆ ಹೊಡೆಯಿರಿ, ನಡುವೆ ಹೊಡೆದರೆ ಬೇಗ ಒಡೆಯದು. ಮುಂದಿನ ದೊಡ್ಡ ಗಾಜಿನ ಗೋಜಿಗೆ ಹೋಗಬೇಡಿ. ಅದರೊಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಡುತ್ತದೆಯೇ ಹೊರತು ದಾರಿ ಬಿಡುವುದಿಲ್ಲ.

ಎಲ್ಲರೂ ಇಳಿದು ಕನಿಷ್ಠ 30 ಮೀಟರ್ ದೂರ, ಗಾಳಿ ಬರುವ ದಿಕ್ಕಿಗೆ, ರಸ್ತೆಯಿಂದ ಆಚೆ ಹೋಗಿ. ಮಕ್ಕಳ ಕೈ ಬಿಡಬೇಡಿ. ಕಾರಿನ ನೇರ ಮುಂದೆ, ಹಿಂದೆ ನಿಲ್ಲಬೇಡಿ. ಬಾನೆಟ್ ಮತ್ತು ಡಿಕ್ಕಿ ಎತ್ತಿ ಹಿಡಿಯುವ ಗ್ಯಾಸ್ ರಾಡುಗಳು ಕಾದರೆ ಸಿಡಿದು ಬರುತ್ತವೆ, ಟೈರುಗಳೂ ಸಿಡಿಯುತ್ತವೆ. ಬ್ಯಾಗು, ಆರ್‌ಸಿ, ಮೊಬೈಲ್ ಎಂದು ವಾಪಸ್ ಹೋಗುವುದು ಬೇಡ.

ಆಮೇಲೆ 112ಕ್ಕೆ ಫೋನ್ ಮಾಡಿ, ‘ಕಾರಿಗೆ ಬೆಂಕಿ’ ಎಂದು ಮೊದಲು ಹೇಳಿ, ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಓದಿ. ಕುಷ್ಟಗಿ ಕಡೆಯ 50ನೇ ಹೆದ್ದಾರಿಯಲ್ಲೋ, ಕೊಪ್ಪಳ–ಹೊಸಪೇಟೆ ನಡುವಿನ 67ನೇ ಹೆದ್ದಾರಿಯಲ್ಲೋ ಇದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ಹೇಳಿ. ಅಗ್ನಿಶಾಮಕ ಠಾಣೆ ಹೆಚ್ಚಾಗಿ ತಾಲ್ಲೂಕು ಊರಲ್ಲೇ ಇರುವುದು. ಗಾಡಿ ಬರಲು ಹೊತ್ತು ಹಿಡಿಯುತ್ತದೆ, ಅದಕ್ಕೇ ಆರಿಸಲು ನೋಡುವ ಮೊದಲೇ ಫೋನ್ ಮಾಡಬೇಕು.

ಇನ್ನು ಆರಿಸುವ ಮಾತು. ಹೊಗೆ ತೆಳುವಾಗಿದ್ದು, ಉರಿ ಕಾಣದಿದ್ದರೆ, ಕೈಯಲ್ಲಿ ಅಗ್ನಿಶಾಮಕ ಸಿಲಿಂಡರ್ ಇದ್ದರೆ ಮಾತ್ರ ಪ್ರಯತ್ನಿಸಿ. ಒಳಗಿನ ಲಿವರ್ ಎಳೆದರೆ ಬಾನೆಟ್ ಒಂದಿಂಚು ಸಡಿಲವಾಗುತ್ತದೆ, ಅಷ್ಟೇ ಸಾಕು. ಎರಡನೇ ಕೊಕ್ಕೆ ಬಿಚ್ಚಬೇಡಿ. ಗಾಳಿಗೆ ಬೆನ್ನು ಕೊಟ್ಟು, ಬಂಪರಿನ ಮುಂದೆ ಅಲ್ಲ, ಚಕ್ರದ ಪಕ್ಕದಲ್ಲಿ ನಿಂತು ಆ ಸಂದಿಯಿಂದಲೋ ಜಾಲರಿಯಿಂದಲೋ ಪುಡಿ ಹೊಡೆಯಿರಿ. ಸಿಲಿಂಡರ್ ಖಾಲಿಯಾದರೂ ಬೆಂಕಿ ಉಳಿದಿದ್ದರೆ ಕಾರು ಬಿಟ್ಟು ದೂರ ಹೋಗಿ. ಆರಿದಂತೆ ಕಂಡರೂ ಬಾನೆಟ್ ತೆರೆಯಬೇಡಿ. ಬ್ಯಾಟರಿ ವೈರಿನಲ್ಲಿ ಇನ್ನೂ ಕರೆಂಟ್ ಇರುತ್ತದೆ, ಮತ್ತೆ ಹತ್ತಿಕೊಳ್ಳಬಹುದು. ಪೆಟ್ರೋಲ್ ಬೆಂಕಿಗೆ ಬಾಟಲಿ ನೀರು ಸುರಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ನೆಲಕ್ಕೆ ಚೆಲ್ಲಿದ್ದರೆ ಮಣ್ಣು ಎರಚುವುದು ಮೇಲು.

ಬರುವುದೆಲ್ಲ ಹೊಗೆಯೂ ಅಲ್ಲ. ಬಿಳಿಯಾಗಿ, ಸಿಹಿ ವಾಸನೆಯಿದ್ದು, ಬೇಗ ಕರಗಿದರೆ ಅದು ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವದ ಆವಿ. ಎಂಜಿನ್ ನಿಲ್ಲಿಸಿ ಅರ್ಧ ಗಂಟೆಯಾದರೂ ಆರಲು ಬಿಡಿ, ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ನೀಲಿ ಛಾಯೆಯಿದ್ದು ಕರಿದ ಎಣ್ಣೆಯ ವಾಸನೆ ಬಂದರೆ ಆಯಿಲ್ ಸೋರಿ ಎಕ್ಸಾಸ್ಟ್ ಮೇಲೆ ಬೀಳುತ್ತಿದೆ. ಪ್ಲಾಸ್ಟಿಕ್, ರಬ್ಬರ್ ಸುಟ್ಟ ವಾಸನೆ ಬಂದರೆ ವೈರಿಂಗ್. ಯಾವುದೆಂದು ಗೊತ್ತಾಗದಿದ್ದರೆ ಬೆಂಕಿ ಎಂದೇ ತಿಳಿದು ಇಳಿಯಿರಿ.

ಪ್ರಶ್ನೆ: ಸುಗ್ಗಿಯಾಗ ನಮ್ಮ ಕಡೆ ಡಾಂಬರ್ ರಸ್ತೆ ಮ್ಯಾಲೇ ರಾಶಿ ಮಾಡ್ತಾರ. ಅದರ ಮ್ಯಾಲೆ ಕಾರು ಹೋದರ ನಿಜವಾಗಿ ಬೆಂಕಿ ಹತ್ತತೈತೇನು?
— ಓದುಗರು, ಕುಷ್ಟಗಿ

ಉತ್ತರ: ಹತ್ತುತ್ತದೆ. ಹುರುಳಿ, ತೊಗರಿ, ಸಜ್ಜೆಯ ಒಣ ಸೊಪ್ಪೆ ಗಾಡಿಯಡಿ ಮೇಲೆದ್ದು ಆಕ್ಸಲ್‌ಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಉಳಿದದ್ದು ಸೈಲೆನ್ಸರ್ ಪೈಪಿಗೂ ಕಾರಿನ ತಳಕ್ಕೂ ನಡುವೆ ತುರುಕಿಕೊಳ್ಳುತ್ತದೆ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಓಡುವಾಗ ಒಳಗೆ 400 ಡಿಗ್ರಿ ದಾಟಿ ಕಾದಿರುತ್ತದೆ. ಒಣಹುಲ್ಲು ಹತ್ತಿಕೊಳ್ಳಲು 300 ಡಿಗ್ರಿ ಆಸುಪಾಸು ಸಾಕು. ರಾಶಿ ದಾಟುವಾಗ ಏನೂ ಆಗದೆ, ಒಂದೆರಡು ಕಿಲೋಮೀಟರ್ ಹೋದ ಮೇಲೆ ಹೊಗೆ ಕಾಣುವುದು ಇದೇ ಕಾರಣಕ್ಕೆ.

ಬೇರೆ ದಾರಿ ಇದ್ದರೆ ಸುತ್ತಿ ಹೋಗಿ. ಇಲ್ಲದಿದ್ದರೆ ರಾಶಿಯವರಿಗೆ ಹೇಳಿ ಗಾಲಿ ಹೋಗುವಷ್ಟು ಜಾಗ ಸರಿಸಿಸಿಕೊಳ್ಳಿ, ಸರಿಸಿಕೊಡುತ್ತಾರೆ. ದಾಟಿದ ಮೇಲೆ ಖಾಲಿ ಜಾಗದಲ್ಲಿ ನಿಲ್ಲಿಸಿ ಬಗ್ಗಿ ನೋಡಿ. ಸಿಕ್ಕಿಕೊಂಡದ್ದನ್ನು ಉದ್ದ ಕೋಲಿನಿಂದ ಎಳೆಯಿರಿ, ಬರಿಗೈ ಹಾಕಿದರೆ ಪೈಪ್ ಸುಡುತ್ತದೆ. ಹೊಲದಲ್ಲಿ ಬಣವಿ ಪಕ್ಕ, ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಅಷ್ಟೇ ಅಪಾಯ. ಬಿಎಸ್-6 ಡೀಸೆಲ್ ಗಾಡಿಗಳಲ್ಲಂತೂ ಹೊಗೆ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಾಗ ಒಳಗಿನ ಶಾಖ 600 ಡಿಗ್ರಿ ಮುಟ್ಟುತ್ತದೆ.

ಪ್ರಶ್ನೆ: ಹೆಡ್‌ಲೈಟಿಗೆ 100 ವ್ಯಾಟಿನ ಬಲ್ಬ್ ಹಾಕಿಸಿದೆ. ಫ್ಯೂಸ್ ಪದೇ ಪದೇ ಹೋಗುತ್ತಿತ್ತು, ಮೆಕ್ಯಾನಿಕ್ 30 ಆಂಪಿಯರಿನದು ಹಾಕಿಕೊಟ್ಟ. ಈಗ ತೊಂದರೆ ಇಲ್ಲ, ಸ್ವಿಚ್ ಮಾತ್ರ ಬಿಸಿಯಾಗುತ್ತದೆ. ಪರವಾಗಿಲ್ಲವೇ?
— ಓದುಗರು, ಗಂಗಾವತಿ

ಉತ್ತರ: ದಯವಿಟ್ಟು ಇವತ್ತೇ ತೆಗೆಸಿ. ಕಂಪನಿಯ ಬಲ್ಬ್ ಸಾಮಾನ್ಯವಾಗಿ 55/60 ವ್ಯಾಟಿನದು. 12 ವೋಲ್ಟಿನಲ್ಲಿ 100 ವ್ಯಾಟಿನ ಎರಡು ಬಲ್ಬ್ ಸೇರಿ ಸುಮಾರು 17 ಆಂಪಿಯರ್ ಎಳೆಯುತ್ತವೆ, 60 ವ್ಯಾಟಿನವು 10 ಆಂಪಿಯರ್. ತೆಳು ವೈರು, ಸ್ವಿಚ್ಚು ಆ ಹತ್ತಕ್ಕೆ ಮಾಡಿದವು. ಹೆಚ್ಚು ಕರೆಂಟ್ ಹರಿದಾಗ ವೈರ್ ಸುಡುವ ಮೊದಲು ತಾನು ಹೋಗಲೆಂದೇ ಫ್ಯೂಸ್ ಇರುವುದು. 30 ಆಂಪಿಯರಿನದು ಹಾಕಿದ ಮೇಲೆ ಮೊದಲು ಕರಗುವುದು ಫ್ಯೂಸ್ ಅಲ್ಲ, ವೈರಿನ ಹೊದಿಕೆ. ಸ್ವಿಚ್ ಬಿಸಿಯಾಗುವುದು ಅದರ ಮೊದಲ ಸುಳಿವು. ಹಳೆಯ ಬಲ್ಬಿಗೆ, ಕಂಪನಿ ಹೇಳಿದ ಆಂಪಿಯರಿನ ಫ್ಯೂಸಿಗೆ ಮರಳಿ. ಮಂಜಿಗೆಂದು ಬೇರೆ ಲೈಟ್ ಬೇಕೇ ಬೇಕು ಎಂದರೆ ಬ್ಯಾಟರಿಯಿಂದ ಪ್ರತ್ಯೇಕ ದಪ್ಪ ವೈರ್, ಹೆಚ್ಚಿನ ಕರೆಂಟ್ ಸ್ವಿಚ್ಚಿನ ಮೇಲೆ ಬೀಳದಂತೆ ರಿಲೇ, ಬ್ಯಾಟರಿಗೆ ಒಂದು ಗೇಣಿನೊಳಗೆ ಅದರದೇ ಫ್ಯೂಸ್ ಹಾಕಿಸಿ.

ನಿಮ್ಮೂರು ಅಕ್ಕಿ ಗಿರಣಿಗಳ ಊರು, ಇಲಿಗಳಿಗೂ ಬರವಿಲ್ಲ. ಗೋದಾಮಿನ ಹತ್ತಿರ ನಿಲ್ಲುವ ಕಾರಾದರೆ ವಾರಕ್ಕೊಮ್ಮೆ ತಣ್ಣಗಿರುವಾಗ ಬಾನೆಟ್ ಎತ್ತಿ ಕಡಿದ ವೈರು, ಕಚ್ಚಿದ ಪೆಟ್ರೋಲ್ ಪೈಪು, ಗೂಡು ಕಟ್ಟಲು ತಂದ ಬಟ್ಟೆ ಚೂರು ನೋಡಿ.

ಪ್ರಶ್ನೆ: ಎಂಥ ಅಗ್ನಿಶಾಮಕ ಸಿಲಿಂಡರ್ ಕೊಳ್ಳಬೇಕು, ಎಲ್ಲಿಡಬೇಕು?
— ಓದುಗರು, ಬಳ್ಳಾರಿ

ಉತ್ತರ: ಐಎಸ್‌ಐ ಗುರುತಿನ ಎಬಿಸಿ ಪುಡಿಯದು, ಒತ್ತಡ ತೋರಿಸುವ ಮೀಟರ್ ಇರುವುದು. 1 ಕಿಲೋದ್ದು ಎಂಟು-ಹತ್ತು ಸೆಕೆಂಡಿಗೆ ಮುಗಿಯುತ್ತದೆ, ಜಾಗವಿದ್ದರೆ 2 ಕಿಲೋ ತೆಗೆದುಕೊಳ್ಳಿ. ಸ್ಪ್ರೇ ಡಬ್ಬಿಯಂಥ ಸಣ್ಣವು ನಮಗೆ ಒಪ್ಪಿಗೆಯಾಗುವುದಿಲ್ಲ. ಡಿಕ್ಕಿಯಲ್ಲಿ ಸಾಮಾನಿನ ಕೆಳಗಿಟ್ಟರೆ ಹೊತ್ತಿಗೆ ಸಿಗದು. ಡ್ರೈವರ್ ಸೀಟಿನ ಮುಂದೋ ಪಕ್ಕದ ಸೀಟಿನ ಕೆಳಗೋ ಪಟ್ಟಿ ಬಿಗಿದು ಕೂರಿಸಿ, ಪೆಡಲ್ ಕೆಳಗೆ ಉರುಳಿ ಬರಬಾರದು. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಓಡಾಟದ ಕುಲುಕಿಗೆ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ, ತಲೆಕೆಳಗೆ ಮಾಡಿ ಅಲ್ಲಾಡಿಸಿ. ಒಮ್ಮೆ ಸ್ವಲ್ಪ ಒತ್ತಿದರೂ ಮತ್ತೆ ತುಂಬಿಸಲೇಬೇಕು, ಅದರ ಒತ್ತಡ ಮೆಲ್ಲಗೆ ಇಳಿದುಹೋಗುತ್ತದೆ.

ಪ್ರಶ್ನೆ: ಸಿಎನ್‌ಜಿ ಕಾರಾದರೆ?
— ಓದುಗರು, ರಾಯಚೂರು

ಉತ್ತರ: ಇಳಿಯುವ ಕ್ರಮ ಅದೇ. ದೂರ ಮಾತ್ರ ಹೆಚ್ಚಿರಲಿ, 100 ಮೀಟರ್. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಬಿಸಿ ಏರಿದಾಗ ಸುರಕ್ಷಾ ವಾಲ್ವ್ ತೆರೆದು ಗ್ಯಾಸ್ ಶಿಳ್ಳೆ ಹೊಡೆದಂತೆ ಸದ್ದು ಮಾಡುತ್ತಾ ಹೊರಬರುತ್ತದೆ, ಉರಿಯಲೂಬಹುದು. ಆ ಉರಿ ಆರಿಸಲು ಹೋಗಬೇಡಿ. ಆರಿದರೂ ಗ್ಯಾಸ್ ನಿಲ್ಲುವುದಿಲ್ಲ, ಇನ್ನೊಂದು ಕಿಡಿಗೆ ಕಾಯುತ್ತಿರುತ್ತದೆ. ಸಿಎನ್‌ಜಿ ಗಾಡಿ ಎಂದು 112ಕ್ಕೆ, ಬಂದ ಅಗ್ನಿಶಾಮಕ ಸಿಬ್ಬಂದಿಗೆ ಮೊದಲೇ ಹೇಳಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ. ಕಾರು ಕೊಂಡ ಮೇಲೆ ಹಾಕಿಸಿದ ಸಿಎನ್‌ಜಿ ಕಿಟ್ ಆರ್‌ಸಿಯಲ್ಲಿ, ಇನ್ಶೂರೆನ್ಸ್ ಪಾಲಿಸಿಯಲ್ಲಿ ನಮೂದಾಗಿರದಿದ್ದರೆ ಬೆಂಕಿಯ ಕ್ಲೇಮ್ ತಿರಸ್ಕಾರವಾಗಬಹುದು. ಥರ್ಡ್ ಪಾರ್ಟಿ ಪಾಲಿಸಿ ಒಂದೇ ಇದ್ದರೆ ನಿಮ್ಮ ಕಾರು ಸುಟ್ಟದ್ದಕ್ಕೆ ಅದು ಏನೂ ಕೊಡುವುದಿಲ್ಲ.