60 ಲೀಟರಿನ ಉಪ್ಪುನೀರಿನ ತೊಟ್ಟಿ: ಮೊದಲ ಮೀನು ಯಾವಾಗ, ಯಾವುದು?

ಮೂರು ವರ್ಷ ಗಪ್ಪಿ, ಗೋಲ್ಡ್‌ಫಿಷ್ ಸಾಕಿದ್ದೀರಿ. ಈಗ 60 ಲೀಟರಿನ ಗಾಜಿನ ತೊಟ್ಟಿಯೊಂದನ್ನು ತಂದಿಟ್ಟುಕೊಂಡಿದ್ದೀರಿ. ಶನಿವಾರ ಉಪ್ಪುನೀರು ತುಂಬಿಸಿ ಭಾನುವಾರವೇ ಎರಡು ಕ್ಲೌನ್‌ಫಿಷ್, ಒಂದು ಬ್ಲೂ ಟ್ಯಾಂಗ್, ಜೊತೆಗೊಂದು ಸೀ ಅನಿಮೋನ್ (ಕ್ಲೌನ್‌ಫಿಷ್ ಆಸರೆ ಪಡೆಯುವ, ಹೂವಿನಂತೆ ಕಾಣುವ ಕಡಲ ಪ್ರಾಣಿ) ಬಿಡಬಹುದೇ ಎಂದು ಕೇಳಿದ್ದೀರಿ. ನೇರವಾಗಿ ಹೇಳಿಬಿಡುತ್ತೇನೆ. ಕ್ಲೌನ್‌ಫಿಷ್ ಜೋಡಿಯನ್ನು ಖಂಡಿತ ಸಾಕಬಹುದು, ಆದರೆ ಈ ಭಾನುವಾರ ಬೇಡ. ಎರಡು ತಿಂಗಳಾದರೂ ಕಾಯಿರಿ. ಅನಿಮೋನ್ ಈ ವರ್ಷ ಬೇಡ. ಬ್ಲೂ ಟ್ಯಾಂಗ್ ಈ ತೊಟ್ಟಿಗೆ ಎಂದೆಂದಿಗೂ ಬೇಡ.

ಸಿಹಿನೀರಿನಲ್ಲಿ ಗಳಿಸಿದ ಅನುಭವ ನಿಮಗೆ ಬಹಳ ಕಡೆ ನೆರವಾಗುತ್ತದೆ, ಮೊದಲ ಕೆಲವು ವಾರಗಳ ವಿಷಯದಲ್ಲಿ ಮಾತ್ರ ದಾರಿ ತಪ್ಪಿಸುತ್ತದೆ. ಮೀನಿನ ಕಿವಿರುಗಳಿಂದ, ಮಲದಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ನೀರಿನ ಪಿಎಚ್ 7ರ ಆಸುಪಾಸಿನಲ್ಲಿದ್ದರೆ ಅದರ ಬಹುಪಾಲು ಅಷ್ಟೇನೂ ಕೆಡುಕು ಮಾಡದ ಅಮೋನಿಯಂ ರೂಪದಲ್ಲಿ ಉಳಿಯುತ್ತದೆ. ಕಡಲ ನೀರಿನ ಪಿಎಚ್ 8.1ರಿಂದ 8.3ರಷ್ಟು. ಆ ಮಟ್ಟದಲ್ಲಿ, ಅಷ್ಟೇ ಅಮೋನಿಯಾದೊಳಗೆ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಸಾಲದ್ದಕ್ಕೆ, ಒಂದೇ ಉಷ್ಣತೆಯಲ್ಲಿ ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಪ್ಪಿ ಹೇಗೋ ತಡೆದುಕೊಂಡ ಮೊದಲ ವಾರವನ್ನು ಕಡಲ ಮೀನು ತಡೆದುಕೊಳ್ಳಲಾರದು.

ನನ್ನ ಮೊದಲ ತೊಟ್ಟಿಯ ನೀರು ಎರಡೇ ದಿನದಲ್ಲಿ ಸ್ಫಟಿಕದಂತೆ ತಿಳಿಯಾಯಿತು. ಅದನ್ನು ನೋಡಿಯೇ ಧೈರ್ಯ ತಂದುಕೊಂಡು ಎರಡು ಮೀನು ಬಿಟ್ಟೆ. ಮೂರನೆಯ ದಿನ ಅವು ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡತೊಡಗಿದವು. ನನ್ನ ಬಳಿ ಅಮೋನಿಯಾ ಅಳೆಯುವ ಟೆಸ್ಟ್ ಕಿಟ್ ಕೂಡ ಇರಲಿಲ್ಲ. ತಿಳಿನೀರಿನಲ್ಲಿ ಕೆಡುಕು ಇರಬಹುದೆಂಬ ಯೋಚನೆಯೇ ಬಂದಿರಲಿಲ್ಲ. ಐದನೆಯ ದಿನಕ್ಕೆ ಎರಡೂ ಸತ್ತವು. ಆ ಎರಡು ಜೀವಗಳ ನೆನಪಿನಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾದರೆ ಈ ಶನಿವಾರ ಏನು ಮಾಡಬಹುದು? ಬೇಕಾದಷ್ಟಿದೆ. ತೊಟ್ಟಿಯನ್ನು ಬಿಸಿಲು ಬೀಳದ ಕಡೆ, ಮಟ್ಟಸವಾದ ಗಟ್ಟಿ ಮೇಜಿನ ಮೇಲೆ ಇಡಿ. ಗಾಜು, ಕಲ್ಲು, ನೀರು ಎಲ್ಲ ಸೇರಿ ಭಾರ 80 ಕಿಲೋ ದಾಟಬಹುದು, ಆಮೇಲೆ ಅಲುಗಾಡಿಸಲು ಆಗುವುದಿಲ್ಲ. ಮೊದಲು ಕಲ್ಲುಗಳನ್ನು ನೇರವಾಗಿ ಗಾಜಿನ ತಳದ ಮೇಲೆ ಕೂರಿಸಿ, ಮರಳು ಆಮೇಲೆ. ಮರಳಿನ ಮೇಲೆ ಕಲ್ಲು ಪೇರಿಸಿದರೆ, ಬಿಲ ತೋಡುವ ಯಾವುದಾದರೂ ಜೀವಿ ಅಡಿಯ ಮರಳನ್ನು ಕೆದರಿದ ದಿನ ಇಡೀ ರಾಶಿ ಕುಸಿಯುತ್ತದೆ. ಐದಾರು ಕಿಲೋದಷ್ಟು ರಂಧ್ರಗಳುಳ್ಳ ಹಗುರ ಕಲ್ಲು ಸಾಕು. ಈ ಕಲ್ಲೇ ನಿಮ್ಮ ನಿಜವಾದ ಫಿಲ್ಟರ್, ಏಕೆಂದರೆ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ನೆಲೆಸುವುದು ಅದರ ಸೂಕ್ಷ್ಮ ರಂಧ್ರಗಳಲ್ಲಿ. 50 ಅಥವಾ 75 ವ್ಯಾಟ್‌ನ ಹೀಟರ್, ಅದು ಕೆಟ್ಟರೆ ಗೊತ್ತಾಗಲು ಬೇರೆಯದೇ ಒಂದು ಥರ್ಮಾಮೀಟರ್, ಗಂಟೆಗೆ 600ರಿಂದ 1,000 ಲೀಟರ್ ನೀರು ತಿರುಗಿಸುವ ಸಣ್ಣ ಪಂಪ್, ಬಲೆಯ ಮುಚ್ಚಳ. ಪಂಪಿನ ಬಾಯಿಯನ್ನು ಸ್ವಲ್ಪ ಮೇಲ್ಮುಖವಾಗಿ ತಿರುಗಿಸಿ, ನೀರಿನ ಮೇಲ್ಮೈ ಸದಾ ಕದಡುತ್ತಿರಲಿ. ಆಮ್ಲಜನಕ ಒಳಗೆ ಬರುವುದು ಅಲ್ಲಿಂದಲೇ. ನೊರೆಯ ಮೂಲಕ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇಲ್ಲದೆಯೂ ಇಷ್ಟು ಸಣ್ಣ ತೊಟ್ಟಿಯನ್ನು ನಡೆಸಬಹುದು, ಆದರೆ ಪ್ರತಿ ವಾರ ನೀರು ಬದಲಿಸುವುದನ್ನು ತಪ್ಪಿಸಬಾರದು.

ನಲ್ಲಿಯ ನೀರು ಬೇಡ. ಅದರಲ್ಲಿರುವ ಕ್ಲೋರಿನ್ನನ್ನು ಹೇಗೋ ತೆಗೆಯಬಹುದು, ಆದರೆ ಪಾಚಿಗೆ ಮೇವಾಗುವ ಫಾಸ್ಫೇಟ್, ನೈಟ್ರೇಟ್ ಉಳಿಯುತ್ತವೆ. ಕೊಳವೆಯಿಂದ ತಾಮ್ರದ ಅಂಶ ಬಂದರೆ ಬಸವನಹುಳು, ಸೀಗಡಿಗಳು ಬದುಕುವುದಿಲ್ಲ. ಆರ್‌ಓ ನೀರು, ಸಾಧ್ಯವಾದರೆ ಉಳಿದ ಲವಣಗಳನ್ನೂ ತೆಗೆಯುವ ಡಿಐ ಹಂತವನ್ನೂ ದಾಟಿದ ನೀರು ಬಳಸಿ. ಉಪ್ಪು ಕೂಡ ಅಕ್ವೇರಿಯಂಗೆಂದೇ ತಯಾರಾದದ್ದಾಗಿರಬೇಕು. ಕಡಲ ನೀರಿನ ಲವಣಾಂಶದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸುಮಾರು 85 ಪ್ರತಿಶತವಷ್ಟೇ. ಉಳಿದ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಅಡುಗೆ ಉಪ್ಪಿನಲ್ಲಿ ಸಿಗುವುದಿಲ್ಲ. ಲೀಟರಿಗೆ 35ರಿಂದ 38 ಗ್ರಾಂ ಉಪ್ಪು ಹಾಕಿ, ಪಂಪ್ ಓಡಿಸಿ, ಪೂರ್ತಿ ಕರಗಿದ ಮೇಲೆ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ. ಸಾಪೇಕ್ಷ ಸಾಂದ್ರತೆ 1.026 ತೋರಿಸಬೇಕು, ಅಂದರೆ ಸಾವಿರಕ್ಕೆ 35 ಭಾಗ ಲವಣ. ಆ ಉಪಕರಣವನ್ನು ಬರಿಯ ಶುದ್ಧ ನೀರಿನಿಂದ ಸರಿಹೊಂದಿಸುವ ಬದಲು 35 ಭಾಗದ ಪ್ರಮಾಣದ್ರಾವಣದಿಂದ ಸರಿಹೊಂದಿಸಿದರೆ ಓದು ನಂಬಿಕೆಗೆ ಅರ್ಹವಾಗುತ್ತದೆ. ಮೊದಲ ಬಾರಿ ಮಾತ್ರ ಉಪ್ಪನ್ನು ತೊಟ್ಟಿಯಲ್ಲೇ ಬೆರೆಸಬಹುದು. ಮುಂದೆಂದೂ ಹಾಗೆ ಮಾಡಬೇಡಿ, ಬಕೆಟ್‌ನಲ್ಲಿ ಹಿಂದಿನ ದಿನವೇ ಬೆರೆಸಿಟ್ಟುಕೊಳ್ಳಿ.

ಇನ್ನು ಕಾಯುವ ಕೆಲಸ. ಕಲ್ಲಿನಲ್ಲಿ ನೆಲೆಸಬೇಕಾದ ಬ್ಯಾಕ್ಟೀರಿಯಾಕ್ಕೆ ಮೇವಾಗಲೆಂದು, ಅಮೋನಿಯಾ 2 ಪಿಪಿಎಂ (ದಶಲಕ್ಷಕ್ಕೆ 2 ಭಾಗ) ಬರುವಷ್ಟು ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ; ಅದು ಸಿಗದಿದ್ದರೆ ಒಂದು ಚಿಟಿಕೆ ಮೀನಿನ ಆಹಾರವನ್ನು ಕೊಳೆಯಲು ಬಿಡಿ. ಬಾಟಲಿಯಲ್ಲಿ ಸಿಗುವ ಜೀವಂತ ಬ್ಯಾಕ್ಟೀರಿಯಾವನ್ನೂ ಸೇರಿಸಬಹುದು. ದೀಪ ಆರಿಸಿಡಿ. ಎರಡು ದಿನಕ್ಕೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಎರಡನೆಯ ಗುಂಪು ಬೆಳೆಯುವುದು ನಿಧಾನ, ಆದ್ದರಿಂದ ನಡುವೆ ಎರಡು ವಾರ ಏನೂ ಬದಲಾಗದಂತೆ ಕಾಣಬಹುದು. ಬೇಸತ್ತು ನೀರನ್ನೆಲ್ಲ ಚೆಲ್ಲಿ ಮತ್ತೆ ಶುರುಮಾಡುವವರು ಹೆಚ್ಚಾಗಿ ಸೋಲುವುದು ಇಲ್ಲೇ. 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದರೆ ತೊಟ್ಟಿ ಸಿದ್ಧವಾಗಿದೆ ಎಂದರ್ಥ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಗ ಅರ್ಧದಷ್ಟು ನೀರು ಬದಲಿಸಿ, ಶೇಖರವಾದ ನೈಟ್ರೇಟನ್ನು ಹೊರಹಾಕಿ.

ಈ ದಿನಗಳಲ್ಲೇ ಆವಿಯ ಲೆಕ್ಕವನ್ನೂ ಕಲಿತುಬಿಡಿ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಕಲ್ಲು, ಮರಳಿನ ಜಾಗ ಕಳೆದರೆ ನಿಮ್ಮ ತೊಟ್ಟಿಯಲ್ಲಿ ನಿಜಕ್ಕೂ ಇರುವುದು 50 ಲೀಟರ್ ನೀರು ಮಾತ್ರ. ಅದರಲ್ಲಿ ಎರಡು ಲೀಟರ್ ಆವಿಯಾದರೆ ಲವಣಾಂಶ 35ರಿಂದ 36.5ರ ಹತ್ತಿರಕ್ಕೆ ಏರುತ್ತದೆ. ಕಡಿಮೆಯಾದ ನೀರನ್ನು ತುಂಬಲು ಉಪ್ಪು ಬೆರೆಸದ ಆರ್‌ಓ ನೀರನ್ನೇ ಹಾಕಬೇಕು. ಗಾಜಿನ ಮೇಲೊಂದು ಗೆರೆ ಎಳೆದುಕೊಂಡು ದಿನವೂ ಅಲ್ಲಿಯವರೆಗೆ ತುಂಬಿಸಿ. ದೊಡ್ಡ ತೊಟ್ಟಿಯವರು ಎರಡು ದಿನ ಮರೆತರೂ ನಡೆಯುತ್ತದೆ, ನಿಮಗೆ ನಡೆಯುವುದಿಲ್ಲ. ತೊಟ್ಟಿಯನ್ನು ಹಿಂತಿರುಗಿಸಲು ಇನ್ನೂ ಅವಕಾಶವಿದ್ದರೆ 100 ಲೀಟರಿನದನ್ನು ತನ್ನಿ ಎಂದು ನಾನು ಹೇಳುವುದು ಈ ಕಾರಣಕ್ಕಾಗಿಯೇ.

ಈಗ ಮೀನುಗಳ ವಿಷಯಕ್ಕೆ ಬರೋಣ. ಬ್ಲೂ ಟ್ಯಾಂಗ್ ಅಂಗಡಿಯಲ್ಲಿ ಎರಡು ಬೆರಳಗಲ ಇರುತ್ತದೆ, ಬೆಳೆದಾಗ 30 ಸೆಂಟಿಮೀಟರ್ ಮುಟ್ಟುತ್ತದೆ. ಬಂಡೆಸಾಲಿನ ಉದ್ದಕ್ಕೂ ದಿನವಿಡೀ ಈಜುವ ಮೀನು ಅದು. ನೂರಾರು ಲೀಟರಿನ ಉದ್ದನೆಯ ತೊಟ್ಟಿಯಲ್ಲೂ ಅದನ್ನು ಚೆನ್ನಾಗಿ ನೋಡಿಕೊಳ್ಳುವುದು ಸುಲಭವಲ್ಲ. ಮ್ಯಾಂಡರಿನ್ ಮೀನಿನ ಬಣ್ಣಕ್ಕೂ ಮರುಳಾಗಬೇಡಿ. ಅದು ಕಲ್ಲಿನ ಮೇಲೆ ಹರಿದಾಡುವ ಕೋಪೆಪಾಡ್ ಎಂಬ ಸೂಕ್ಷ್ಮ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ, ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಇಲ್ಲದೆ ಹಸಿವಿನಿಂದ ಸೊರಗಿ ಸಾಯುತ್ತದೆ. ಡ್ಯಾಮ್ಸೆಲ್ ಗಟ್ಟಿ ಮೀನು, ಅಗ್ಗವೂ ಹೌದು, ಆದರೆ ಬೆಳೆದ ಮೇಲೆ ಹೊಸದಾಗಿ ಬಂದ ಯಾವ ಮೀನನ್ನೂ ನೆಮ್ಮದಿಯಿಂದ ಇರಗೊಡದು.

ಕ್ಲೌನ್‌ಫಿಷ್ ಕೊಳ್ಳುವಾಗ ತೊಟ್ಟಿಯಲ್ಲೇ ಮರಿಯಾಗಿ ಬೆಳೆದ ಒಸೆಲಾರಿಸ್ ಜಾತಿಯದನ್ನು ಕೇಳಿ. ಕಡಲಿನಿಂದ ಹಿಡಿದು ತಂದ ಮೀನಿಗಿಂತ ಅದು ಚೆನ್ನಾಗಿ ಒಗ್ಗುತ್ತದೆ, ಕೊಟ್ಟ ಆಹಾರವನ್ನು ತಿನ್ನುತ್ತದೆ, ಬಂಡೆಸಾಲಿನಿಂದ ಒಂದು ಜೀವವನ್ನು ಕಿತ್ತು ತಂದಂತೆಯೂ ಆಗುವುದಿಲ್ಲ. ಇವೆಲ್ಲ ಹುಟ್ಟುವಾಗ ಗಂಡು. ಜೊತೆಯಲ್ಲಿರುವ ಎರಡರಲ್ಲಿ ದೊಡ್ಡದು, ಜೋರಿನದು ಹೆಣ್ಣಾಗಿ ಮಾರ್ಪಡುತ್ತದೆ. ಹಾಗಾಗಿ ಒಂದು ಸಣ್ಣದು, ಒಂದು ಅದಕ್ಕಿಂತ ತುಸು ದೊಡ್ಡದು ಆರಿಸಿದರೆ ಅವು ತಾವೇ ಜೋಡಿಯಾಗುತ್ತವೆ. ಮೂರನೆಯದನ್ನು ತರಬೇಡಿ. ಅನಿಮೋನ್ ಇಲ್ಲದಿದ್ದರೆ ಅವು ಕೊರಗುತ್ತವೆ ಎಂಬ ಚಿಂತೆಯೂ ಬೇಡ. ತೊಟ್ಟಿಯಲ್ಲಿ ಹುಟ್ಟಿದ ಎಷ್ಟೋ ಕ್ಲೌನ್‌ಫಿಷ್‌ಗಳು ಅನಿಮೋನನ್ನು ಕಂಡೇ ಇರುವುದಿಲ್ಲ. ಅನಿಮೋನ್‌ಗೆ ಪ್ರಖರ ಬೆಳಕೂ ತಿಂಗಳುಗಟ್ಟಲೆ ಏರುಪೇರಾಗದ ನೀರಿನ ಗುಣವೂ ಬೇಕು. ಜಾಗ ಒಗ್ಗದಿದ್ದರೆ ಅದು ನಡೆದುಕೊಂಡು ಹೋಗಿ ಪಂಪಿಗೆ ಸಿಕ್ಕಿಕೊಳ್ಳುತ್ತದೆ, ಸತ್ತರೆ ಇಷ್ಟು ಕಡಿಮೆ ನೀರನ್ನು ಒಂದೇ ರಾತ್ರಿಯಲ್ಲಿ ಕೆಡಿಸಿಬಿಡುತ್ತದೆ.

ಬ್ಲೂ ಟ್ಯಾಂಗ್ ಬಿಟ್ಟದ್ದಕ್ಕೆ ಬದಲಾಗಿ ಏನು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ, ನನ್ನ ಅತ್ಯಂತ ಪ್ರೀತಿಯ ಜೋಡಿ ಇದು: ಒಂದು ಸಣ್ಣ ಗೋಬಿ ಮೀನು ಮತ್ತು ಒಂದು ಪಿಸ್ತೂಲ್ ಸೀಗಡಿ. ಸೀಗಡಿಗೆ ಕಣ್ಣು ಬಹಳ ಮಂದ, ಆದರೆ ಬಿಲ ತೋಡುವುದರಲ್ಲಿ ಎತ್ತಿದ ಕೈ. ಗೋಬಿಗೆ ಕಣ್ಣು ಚುರುಕು, ಬಿಲ ತೋಡಲು ಬಾರದು. ಸೀಗಡಿ ಮರಳು ಹೊತ್ತು ಹೊರಗೆ ಬಂದಾಗಲೆಲ್ಲ ತನ್ನ ಉದ್ದ ಮೀಸೆಯೊಂದನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಮರುಕ್ಷಣ ಎರಡೂ ಬಿಲದೊಳಗೆ. ಗಂಟೆಗಟ್ಟಲೆ ಕುಳಿತು ನೋಡಿದರೂ ನನಗೆ ಸಾಕೆನಿಸಿಲ್ಲ. ಇವೆರಡು ಮತ್ತು ಕ್ಲೌನ್‌ಫಿಷ್ ಜೋಡಿ, ನಿಮ್ಮ ತೊಟ್ಟಿಗೆ ಅಷ್ಟೇ ಮಿತಿ. ಜಾತಿ ಆರಿಸುವಾಗ ಬೆಳೆದ ಮೇಲೂ ಚಿಕ್ಕದಾಗಿಯೇ ಉಳಿಯುವ ಗೋಬಿಯನ್ನು ಕೇಳಿ ಪಡೆಯಿರಿ.

ಕ್ರಮ ಹೀಗಿರಲಿ. ಮೊದಲು ಮೂರು ನಾಲ್ಕು ಬಸವನಹುಳು. ಆಗ ಮರಳು, ಕಲ್ಲುಗಳ ಮೇಲೆಲ್ಲ ಕಂದು ಪುಡಿ ಹರಡಿರುತ್ತದೆ, ಗಾಬರಿಯಾಗಬೇಡಿ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಹೊಸ ತೊಟ್ಟಿಯಲ್ಲಿ ಬಂದು ಕೆಲವು ವಾರಗಳಲ್ಲಿ ಹೋಗುತ್ತದೆ. ಆಮೇಲೆ ಗೋಬಿ ಮತ್ತು ಸೀಗಡಿ. ಮೂರು ನಾಲ್ಕು ವಾರ ಬಿಟ್ಟು ಕ್ಲೌನ್‌ಫಿಷ್ ಜೋಡಿ. ಅವನ್ನು ಮೊದಲೇ ಬಿಟ್ಟರೆ ಇಡೀ ತೊಟ್ಟಿ ತಮ್ಮದೆಂದು ತಿಳಿದು ಗೋಬಿಯನ್ನು ಓಡಿಸುತ್ತವೆ.

ಅಂಗಡಿಯಲ್ಲಿ ನಿಮ್ಮ ಎದುರೇ ಮೀನಿಗೆ ಆಹಾರ ಹಾಕಲು ಹೇಳಿ, ತಿನ್ನದಿದ್ದರೆ ಕೊಳ್ಳಬೇಡಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿದ್ದರೆ ಅದೇ ತೊಟ್ಟಿಯ ಬೇರೆ ಮೀನೂ ಬೇಡ. ಕ್ರಿಪ್ಟೋಕ್ಯಾರಿಯಾನ್ ಎಂಬ ಆ ಪರಾವಲಂಬಿ ಒಮ್ಮೆ ಹೊಕ್ಕರೆ, ತೊಟ್ಟಿಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಮೀನಿಲ್ಲದೆ ಇಡಬೇಕಾಗುತ್ತದೆ. ಅದಕ್ಕೆ ಕೊಡುವ ತಾಮ್ರದ ಔಷಧವನ್ನು ಮುಖ್ಯ ತೊಟ್ಟಿಗೆ ಹಾಕುವಂತಿಲ್ಲ, ಬಸವನಹುಳು, ಸೀಗಡಿ ಎರಡೂ ಸಾಯುತ್ತವೆ. ಒಂದು ಹೀಟರ್, ಒಂದು ಸ್ಪಂಜ್ ಫಿಲ್ಟರ್ ಇರುವ ಸಣ್ಣ ಬರಿಯ ತೊಟ್ಟಿಯಲ್ಲಿ ಪ್ರತಿ ಹೊಸ ಮೀನನ್ನೂ ನಾಲ್ಕು ವಾರ ಇಟ್ಟು ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ. ಆ ಸ್ಪಂಜನ್ನು ಈಗಲೇ ಮುಖ್ಯ ತೊಟ್ಟಿಯಲ್ಲಿ ಹಾಕಿಟ್ಟರೆ ಅಷ್ಟರಲ್ಲಿ ಅದರಲ್ಲೂ ಬ್ಯಾಕ್ಟೀರಿಯಾ ನೆಲೆಸಿರುತ್ತದೆ.

ಮುಂದೆ ವಾರಕ್ಕೊಮ್ಮೆ ಐದಾರು ಲೀಟರ್ ನೀರು ಬದಲಿಸಿ, ಉಷ್ಣತೆ 25 ಡಿಗ್ರಿಯ ಬಳಿ ನಿಲ್ಲಲಿ, ಆಹಾರ ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟೇ ಇರಲಿ.

ಮೀನು ಮನೆಗೆ ಬಂದ ದಿನ ದೀಪ ಆರಿಸಿ. ಚೀಲವನ್ನು 20 ನಿಮಿಷ ಆ ಸಣ್ಣ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಆಮೇಲೆ ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಅರ್ಧ ಗಂಟೆ ಬೆರೆಸಿ. ಮೀನನ್ನು ಮಾತ್ರ ಒಳಗೆ ಬಿಡಿ, ಅಂಗಡಿಯ ನೀರನ್ನು ಚೆಲ್ಲಿಬಿಡಿ. ಆ ಸಂಜೆ ಆಹಾರ ಬೇಡ. ಗೋಬಿ ಮುಖ್ಯ ತೊಟ್ಟಿಗೆ ಬಂದ ಮೇಲೆ ಮೊದಲ ಮೂರು ನಾಲ್ಕು ದಿನ ಕಣ್ಣಿಗೇ ಬೀಳದಿರಬಹುದು. ಹುಡುಕಲೆಂದು ಕಲ್ಲು ಎತ್ತಬೇಡಿ. ಹಗಲು ಹೊತ್ತಿನಲ್ಲಿ ದೂರ ಕುಳಿತು, ಮರಳಿನ ಅಂಚಿನಲ್ಲಿ ಎರಡು ಕಣ್ಣು ಮೇಲೇಳುವುದನ್ನು ಕಾಯಿರಿ.